ಇನ್‌ಸ್ಟಾಲ್ ಆಗದ ಹೆಡ್ಮಾಸ್ತರ

ಇಂಗ್ಲಿಷ್ ಮಾಸ್ತರ ಅಂದ್ರ ನಮ್ಮ ಕಡೆ ಊರ ಬಾವಿ ಹಗ್ಗ ಇದ್ದಂಗ. ಯಾರು ಬೇಕಾದ್ರೂ ಬಂದು ಜಗ್ಗಬಹುದು. ತಾರು ಬಂದ್ರ ಓದಾಕ ನಾ, ಔಷಧದ ಬಾಟ್ಲಿ ಮ್ಯಾಲ ಏನು ಬರದಾರ ಅಂತ ಹೇಳಾಕ ನಾ, ರೇಡಿಯೋದಾಗ ಇಂಗ್ಲಿಷ್ ಬಂದ್ರ "ಏನಂದ್ರಿ ಅಂವ?" ಅಂತ ಕೇಳಸ್ಕೊಳ್ಳಾಕೂ ನಾನ. ಎಪ್ಪತ್ತರ ದಶಕದಾಗ ನಾ ಟಿಕೋಟಾದ ಹೈಸ್ಕೂಲಿನ್ಯಾಗ ಇದ್ದೆ. ಇಂಥ ಪ್ರಸಂಗ ನನಗ ವಾರಕ್ಕೊಂದು ಇದ್ದದ್ದ. ಬ್ಯಾರೆ ಮಂದಿಗೆ ಗ್ರಹಚಾರ ಶನಿ, ರಾಹು ರೂಪದಾಗ ಬರ್ತೈತಿ. ನನಗ ಒಂದು ಇಂಗ್ಲಿಷ್ ಕ್ರಿಯಾಪದದ ರೂಪದಾಗ ಬಂತು. ‘ಇನ್‌ಸ್ಟಾಲ್’. ನಗಬ್ಯಾಡ್ರಿ. ಆ ಒಂದು ಶಬ್ದದ ಸಲುವಾಗಿ, ನನಗ ನ್ಯಾಯವಾಗಿ ಬಂದ ಹೆಡ್ಮಾಸ್ತರ ಖುರ್ಚಿ ಕಣ್ಣ ಮುಂದ ಇದ್ರೂ ಕುಂಡ್ರಾಕ ಸಿಗಲಾರದಂಗ ಆಗಿತ್ತು. ಇವತ್ತಿಗೂ ನೆನಸಿಕೊಂಡ್ರ ಮೈ ಉರೀತೈತಿ. ಕೇಳಿದ ಮಂದಿ ಮಾತ್ರ ಹೊಟ್ಟಿ ಹಿಡಕೊಂಡು ನಗ್ತಾರ.

೧. ಕೇಳಿದ್ರು, ಹೇಳಿದೆ

ನಮ್ಮ ಸಾಲಿ ಕಮಿಟಿ ಚೇರ್ಮನ್ನರು ದೊಡ್ಡ ಒಕ್ಕಲುತನದವರು. ಮನಸ ಭಾಳ ಒಳ್ಳೇದು. ಆದ್ರ ಏನರ ತಲಿಯೊಳಗ ಹೊಕ್ಕಿತಂದ್ರ ಹೊರಗ ಬರೂದಿಲ್ಲ. ಒಮ್ಮೆ ವಿಜಾಪುರದಾಗ ಯಾವುದೋ ಕ್ಲಬ್ಬಿನ ಸಮಾರಂಭ ನೋಡಿಕೊಂಡು ಬಂದವರು, ಬಸ್ಸು ಇಳದು ಮನಿಗೆ ಸೈತ ಹೋಗದ ನೆಟ್ಟಗ ನನ್ನ ಕ್ಲಾಸಿಗೇ ನುಗ್ಗಿದ್ರು.

"ಮಾಸ್ತರ, ಇನ್‌ಸ್ಟಾಲ್ ಅಂದ್ರ ಏನ್ರಿ?"

"ಒಬ್ಬ ಅಧಿಕಾರೀನ ಅವನ ಜಾಗಾದಾಗ ವಿಧಿಪೂರ್ವಕ ಕುಂಡ್ರಸೂದ್ರಿ."

"ಮತ್ತ ಅಪಾಯಿಂಟ್ ಅಂದ್ರ?"

"ನೇಮಿಸೂದ್ರಿ."

"ಎರಡೂ ಒಂದ ಅಲ್ಲೇನು?"

‘ಹೂಂ, ಒಂದ’ ಅಂದಿದ್ರ ಅಲ್ಲಿಗೇ ಮುಗೀತಿತ್ತು. ಆದ್ರ ಮಾಸ್ತರಕಿ ಚಟ ನೋಡ್ರಿ, ಬಿಡಿಸಿ ಹೇಳಲಿಲ್ಲಂದ್ರ ಉಂಡದ್ದು ಅರಗಂಗಿಲ್ಲ. "ಅಲ್ರಿ. ಲಗ್ನ ನಿಶ್ಚೆ ಮಾಡೂದು ಬ್ಯಾರೆ, ಅಕ್ಕಿಕಾಳು ಬೀಳೂದು ಬ್ಯಾರೆ. ಅಪಾಯಿಂಟ್ ಅಂದ್ರ ನಿಶ್ಚೆ. ಇನ್‌ಸ್ಟಾಲ್ ಅಂದ್ರ ಅಕ್ಕಿಕಾಳು" ಅಂದೆ. ಹುಡುಗರು ಚಪ್ಪಾಳಿ ತಟ್ಟಿದ್ರು. ನನಗೂ ಒಂದೀಟು ಹೆಮ್ಮಿ ಆತು.

ಚೇರ್ಮನ್ನರು ಬಾಯಿ ಮ್ಯಾಲ ಕೈ ಇಟ್ಕೊಂಡ್ರು. "ಅಯ್ಯ ಶಿವನ! ಹಂಗಾದ್ರ ಇಷ್ಟು ವರ್ಷ ನಮ್ಮ ಊರಾಗ ಎಲ್ಲಾ ಅಧ್ಯಕ್ಷರೂ ಅಕ್ಕಿಕಾಳಿಲ್ಲದ ಸಂಸಾರ ಮಾಡ್ಯಾರ ಅನ್ರಿ!"

೨. ಕೊಳ್ಳಾಗಿನ ಸರಪಳಿ

ಅವತ್ತಿಂದ ಚೇರ್ಮನ್ನರಿಗೆ ಇನ್‌ಸ್ಟಾಲ್ ಹುಚ್ಚು ಹತ್ತಿತು. ಎಲ್ಲೆ ಇನ್‌ಸ್ಟಾಲ್ ಇದ್ರೂ ಅವರು ಹಾಜರು, ಬಾಜೂಕ ನಾ. ಮುಂದಿನ ವರ್ಷ ವಿಜಾಪುರದ ಅದ ಕ್ಲಬ್ಬಿನವರು ಇಂಗ್ಲಿಷಿನ ಮಂತ್ರ ಓದಾಕ ನನ್ನ ಕರದ್ರು. "ನಮ್ಮ ಮಾಸ್ತರ ಆ ಶಬ್ದದ ಮ್ಯಾಲ ಪ್ರವೀಣ ಅದಾರ" ಅಂತ ಶಿಫಾರಸು ಮಾಡಿದವರು ಯಾರಂತ ಬ್ಯಾರೆ ಹೇಳಬೇಕಾಗಿಲ್ಲ.

ಆ ಕ್ಲಬ್ಬಿನ ಪದ್ಧತಿ ಏನಂದ್ರ, ಹಳೇ ಅಧ್ಯಕ್ಷ ತನ್ನ ಕೊಳ್ಳಾಗಿನ ಬಿಲ್ಲೆ ಇರೂ ಸರಪಳಿ ತಗದು ಹೊಸಾವನ ಕೊಳ್ಳಿಗೆ ಹಾಕಬೇಕು. ಹಾಕೂತನಕ ಹೊಸಾವ ಅಧ್ಯಕ್ಷ ಅಲ್ಲ. ಹಳೇ ಅಧ್ಯಕ್ಷರು ಅಡತಿ ಅಂಗಡಿ ಸಾವಕಾರರು. ಸರಪಳಿ ಉದ್ದ ಇದ್ದು ಊಟಕ್ಕ ಕುಂತಾಗ ಸಾರಿನ್ಯಾಗ ಅದ್ದತೈತಿ ಅಂತ, ಅದನ್ನ ಗಿಡ್ಡ ಮಾಡಿಸಿ ಕೊಂಡಿ ಕೂಡಿಸಿದ್ರಂತ. ವರ್ಷಪೂರ್ತಿ ಕ್ಲಬ್ಬಿನ ಊಟ ಉಂಡದ್ದು ಬಂದು ಕೊಳ್ಳಿಗೇ ಸೇರಿತ್ತು.

ನಾ ಗಂಭೀರ ದನಿಲೆ "ಐ ಹಿಯರ್‌ಬೈ ಇನ್‌ಸ್ಟಾಲ್ ಯೂ" ಅಂದೆ. ಹೊಸ ಅಧ್ಯಕ್ಷರು ಕೊಳ್ಳು ಬಗ್ಗಿಸಿದ್ರು. ಸಾವಕಾರರು ಕೊಂಡಿಗೆ ಕೈ ಹಾಕಿದ್ರು. ಕೊಂಡಿ ಬಿಚ್ಚವಲ್ದು. ತಲಿ ಮ್ಯಾಲಿಂದ ಎಳದ್ರು, ಗದ್ದ ದಾಟವಲ್ದು. ನಾ ಮತ್ತೊಮ್ಮೆ ಓದಿದೆ. ಡಾಕ್ಟರೊಬ್ಬರು ಬಂದು ಕಿವಿ ಮಡಚಿ ನೋಡಿದ್ರು. ಅಡಗಿ ಮನ್ಯಾಗಿಂದ ಶೇಂಗಾ ಎಣ್ಣಿ ಬಂತು. ಎಣ್ಣಿ ಹಚ್ಚಿ ಎಳದ್ರ ಸಾವಕಾರರ ಕಣ್ಣು ಮ್ಯಾಲ ಹೋದ್ವು. "ಲೇ, ಬಿಡ್ರಲೇ! ಅಧ್ಯಕ್ಷಗಿರಿ ತಗೋರಿ, ಜೀವ ತಗೋಬ್ಯಾಡ್ರಿ!" ಅಂತ ಒದರಿದ್ರು.

ಇಷ್ಟಾದ್ರೂ ಊಟಕ್ಕ ಹಾಕವಲ್ರು. ಇನ್‌ಸ್ಟಾಲ್ ಆದ ಮ್ಯಾಲೇ ಊಟ ಅಂತ. ನಮ್ಮ ಟಿಕೋಟಾ ಬಸ್ಸು ಹೋತು. ನನ್ನ ಸಿಟ್ಟು ನೆತ್ತಿಗೇರಿತು. "ಅವರ ಕೊಳ್ಳಾಗಿನ ಬಿಲ್ಲೇನ ಇವರು ಕೈಯಾಗ ಹಿಡೀಲಿ. ಇಂಗ್ಲೆಂಡಿನ್ಯಾಗ ಹಿಂಗೂ ಮಾಡ್ತಾರ" ಅಂದೆ. ಇಂಗ್ಲೆಂಡ್ ನಾ ಎಲ್ಲಿ ನೋಡೇನಿ? ಆದ್ರ ಎಲ್ಲಾರೂ ಒಪ್ಪಿದ್ರು. ಫೋಟೋ ಹೊಡದ್ರು. ಹಳೇ ಅಧ್ಯಕ್ಷರು ಕೊಳ್ಳು ಮುಂದ ಚಾಚಿ ನಿಂತಾರ, ಹೊಸಬರು ಸರಪಳಿ ತುದಿ ಹಿಡದು ನಿಂತಾರ. ಆ ಫೋಟೋ ನೋಡಿದವರೆಲ್ಲಾ ಒಂದ ಮಾತು ಕೇಳ್ತಿದ್ರು: "ಎತ್ತು ಎಷ್ಟಕ್ಕ ಕೊಟ್ರಿ?"

೩. ಬಬಲೇಶ್ವರದ ಆಣಿ

ಬಬಲೇಶ್ವರದಾಗ ನಮ್ಮ ಚೇರ್ಮನ್ನರ ಬೀಗರು ಒಬ್ಬರು ಹೊಸ ರೈತ ಸಂಘಕ್ಕ ಅಧ್ಯಕ್ಷ ಆದ್ರು. ಅಲ್ಲಿಗೂ ನನ್ನನ್ನ ಎತ್ತಿನ ಗಾಡ್ಯಾಗ ಹಾಕ್ಕೊಂಡು ಹೋದ್ರು. ಇನ್‌ಸ್ಟಾಲ್ ಮಾಡಬೇಕಂದ್ರ ಮೊದಲು ಪ್ರಮಾಣ ವಚನ ಆಗಬೇಕು ಅಂತ ಚೇರ್ಮನ್ನರು ಪಟ್ಟು ಹಿಡದಿದ್ರು. ನಾ ಕನ್ನಡದಾಗ ಚೆಂದಂಗ ಬರಕೊಂಡು ಹೋಗಿದ್ದೆ.

ಬೀಗರು ರೇಷ್ಮಿ ರುಮಾಲು ಸುತ್ಗೊಂಡು ಎದ್ದು ನಿಂತ್ರು. "ಬಲಗೈ ಮುಂದ ಮಾಡಿ ನಾ ಅಂದಂಗ ಅನ್ರಿ: ಭಯ, ಪಕ್ಷಪಾತ ಇಲ್ಲದ, ದೇವರ ಮ್ಯಾಲ ಆಣಿ ಮಾಡಿ ಹೇಳ್ತೀನಿ..." ಅಂದೆ.

‘ಆಣಿ’ ಅನ್ನೂದ ತಡ, ಹೆಣಮಕ್ಕಳ ನಡುವಿಂದ ಒಬ್ಬ ಮುದುಕಿ ಎದ್ಲು. ಬೀಗರ ತಾಯಿ. ನೆಟ್ಟಗ ವೇದಿಕಿ ಹತ್ತಿ ಮಗನ ಕೈ ಹಿಡದು ಕೆಳಗ ಇಳಿಸಿದ್ಲು.

"ಯಾಕೋ ಮಾಸ್ತರಾ, ನನ್ನ ಮಗ ಏನ್ ಕಳವು ಮಾಡ್ಯಾನ?"

"ಕಳವು ಅಲ್ರಿ ಅವ್ವಾರ, ಇದು ಅಧ್ಯಕ್ಷರ ಪ್ರಮಾಣ..."

"ಪ್ರಮಾಣ ಯಾರು ಮಾಡ್ತಾರ? ಮಂದಿ ಬದು ಒತ್ತಿದವರು, ಕೋಳಿ ಕದ್ದವರು, ಗುಡಿ ಮುಂದ ನಿಂತು ಮಾಡ್ತಾರ. ನಮ್ಮ ಮನಿತನದಾಗ ಒಬ್ಬರೂ ಆಣಿ ಮಾಡಿಲ್ಲ. ಮಾಡೂವಂಥ ಕೆಲಸಾನೂ ಮಾಡಿಲ್ಲ. ಊರ ಮುಂದ ನನ್ನ ಮಗನ ಕಡೆ ಆಣಿ ಮಾಡಸ್ತೀಯಲ್ಲ, ಮೊಮ್ಮಕ್ಕಳಿಗೆ ತಟ್ಟಿದ್ರ ನೀ ಬರ್ತೀಯೇನು?"

ಹಿರ್‍ಯಾರೆಲ್ಲಾ ಗೋಣು ಹಾಕಾಕತ್ತಿದ್ರು. ಯಾರೋ ಒಬ್ಬ ಹಿಂದಿನಿಂದ "ಖರೇನ ಏನರ ಕದ್ದಾನೇನಪಾ?" ಅಂದ. ಬೀಗರ ಮಾರಿ ಸುಟ್ಟ ಬದನಿಕಾಯಿ ಆತು. ಚೇರ್ಮನ್ನರು ಮಾತ್ರ ಬಿಡವಲ್ರು. "ಪ್ರಮಾಣ ಆಗಲಾರದ ಇನ್‌ಸ್ಟಾಲ್ ಆಗಂಗಿಲ್ಲ. ಹೌದಲ್ರೀ ಮಾಸ್ತರ?" ಅಂದ್ರು. ಮುದುಕಿ ಅದಕ್ಕೂ ಹಾದಿ ಹುಡಿಕಿದ್ಲು. "ಆಣಿ ಆಗಬೇಕು ಅಂದ್ರ ಆಗಲಿ. ಶಬ್ದ ತಂದವನ ಆಣಿ ಮಾಡಲಿ. ನನ್ನ ಮಗ ಕಳ್ಳ ಅಲ್ಲ ಅಂತ ಮಾಸ್ತರ ಮಾಡಲಿ!"

ಮಂದಿ ಚಪ್ಪಾಳಿ. ಕರ್ಪೂರ ಬಂತು. ನಾ ಅವತ್ತಿನ ತನಕ ಮಾರಿ ಸೈತ ನೋಡಿರಲಾರದ ಮನಿಷ್ಯಾ ಜನ್ಮದಾಗ ಏನೂ ಕದ್ದಿಲ್ಲ ಅಂತ, ಉರಿಯೂ ಕರ್ಪೂರದ ಮ್ಯಾಲ ಕೈ ಇಟ್ಟು ಆಣಿ ಮಾಡಿದೆ. ಸುಟ್ಟ ಅಂಗೈ ಊದಕೋತ ಮನಿಗೆ ಬಂದ್ರ ನನ್ನ ಹೆಣ್ತಿ ಕೇಳಿದ್ಲು: "ಅಂವ ಅಧ್ಯಕ್ಷ ಆಗಾಕ ನೀವ್ಯಾಕ ಸುಟಗೊಂಡ್ರಿ?"

೪. ಖುರ್ಚಿ ಮ್ಯಾಲ ಟಾವೆಲ್

ಇಷ್ಟರಾಗ ನಮ್ಮ ಹೆಡ್ಮಾಸ್ತರು ರಿಟೈರ್ ಆಗಿ ವಿಜಾಪುರದ ಜಲನಗರದಾಗ ಮನಿ ಮಾಡಿದ್ರು. ಅವರ ಜಾಗಾಕ್ಕ ನನ್ನ ಆರ್ಡರ್ ಬಂತು. ಮನ್ಯಾಗ ಹೋಳಿಗಿ ಮಾಡಿಸಿ ಓಣಿಗೆಲ್ಲಾ ಹಂಚಿದೆ. ಇಟ್ಟಂಗಿಹಾಳದಿಂದ ಹೆಣ್ತಿ ತವರಮನಿಯವರೂ ಬಂದು ಉಂಡು ಹೋದ್ರು. ಮರುದಿನ ಇಸ್ತ್ರಿ ಕೋಟು ಹಾಕ್ಕೊಂಡು ಹೆಡ್ಮಾಸ್ತರ ಖೋಲಿಗೆ ಹೋದ್ರ, ಖುರ್ಚಿ ಮ್ಯಾಲ ಬಿಳೇ ಟಾವೆಲ್ ಹಾಸೈತಿ. ನಮ್ಮ ಸಾಲಿ ಸಿಪಾಯಿ ಚಾಚಾ ಬಾಜೂಕ ಕಾವಲು ನಿಂತಾನ.

"ಕುಂಡ್ರಬ್ಯಾಡ್ರಿ ಸರ. ಚೇರ್ಮನ್ ಸಾಹೇಬರ ಹುಕುಂ. ನೀವಿನ್ನೂ ಅದು ಆಗಿಲ್ಲಂತ."

"ಏನು ಆಗಿಲ್ಲ?"

"ನನಗ ಅನ್ನಾಕ ಬರೂದಿಲ್ರಿ. ನೀವ ಕಲಿಸಿದ್ದಂತಲ್ಲ ಆ ಶಬ್ದ."

ಚೇರ್ಮನ್ನರ ಮನಿಗೆ ಓಡಿದೆ. ಅವರು ಸಮಾಧಾನದಿಂದ ಎಲಿಗೆ ಸುಣ್ಣ ಹಚ್ಚಿಕೋತ ಹೇಳಿದ್ರು: "ಮಾಸ್ತರ, ನಮ್ಮ ಸಾಲಿ ಪದ್ಧತಿ ನಿಮಗ ಗೊತ್ತಿಲ್ಲೇನು? ಹೋಗೂ ಹೆಡ್ಮಾಸ್ತರು ಬರೂ ಹೆಡ್ಮಾಸ್ತರನ ಕೈ ಹಿಡದು ಖುರ್ಚಿ ಮ್ಯಾಲ ಕುಂಡ್ರಸಬೇಕು. ಹಳಬರು ಇನ್ನೂ ಬಂದಿಲ್ಲ. ನೀವು ಅಪಾಯಿಂಟ್ ಆಗೀರಿ, ಇನ್‌ಸ್ಟಾಲ್ ಆಗಿಲ್ಲ. ಅಕ್ಕಿಕಾಳು ಬೀಳಲಾರದ ಹೆಣ್ಣನ್ನ ಮನಿ ತುಂಬಿಸ್ಕೋತಾರೇನ್ರಿ?"

ನಂದ ಮಾತು, ನಂದ ಕೊಳ್ಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂಗಾತು. ಸರಕಾರ ಕೊಟ್ಟದ್ದನ್ನ ಟಾವೆಲ್ ತಡೀತು. ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ! ಅವತ್ತಿಂದ ನಾ ಸಾಲಿ ನಡಸಿದ್ದು ಕಿಡಕಿ ಕಟ್ಟಿ ಮ್ಯಾಲ ಕುಂತು. ಕೆಲಸ ಎಲ್ಲಾ ನಂದ. ಗ್ವಾಡಿ ಬಿದ್ರ ನಾ, ನೀರು ಬರಲಿಲ್ಲಂದ್ರ ನಾ, ಮಾಸ್ತರುಗಳು ಜಗಳಾಡಿದ್ರ ನಾ. ಬೈಸ್ಕೊಳ್ಳೂದು ಅಷ್ಟೂ ಇನ್‌ಸ್ಟಾಲ್ ಆಗಿತ್ತು, ಕುಂಡ್ರೂದೊಂದು ಆಗಿದ್ದಿಲ್ಲ. ಘೋಣಸಗಿಯಿಂದ ಒಬ್ಬ ರೈತ ಮಗನ್ನ ಸಾಲಿಗೆ ಹಚ್ಚಾಕ ಬಂದ. ಖಾಲಿ ಖುರ್ಚಿ ನೋಡಿದ, ಕಿಡಕ್ಯಾಗ ಕುಂತ ನನ್ನನ್ನ ನೋಡಿದ.

"ಹೆಡ್ಮಾಸ್ತರು ಎಲ್ಲಿ ಹೋಗ್ಯಾರ್ರಿ?"

"ನಾನ ಹೆಡ್ಮಾಸ್ತರ."

ಅಂವ ಮಗನ ಕೈ ಗಟ್ಟಿ ಹಿಡಕೊಂಡ. "ಬಾರಲೇ, ಹೋಗೂಣು. ಇಲ್ಲಿ ಕಲತವರು ಹಿಂಗ ಆಗ್ತಾರಂತ ಕಾಣ್ತೈತಿ."

೫. ತಪ್ಪಿಲ್ಲದ ವಾಕ್ಯ

ದೀಪಾವಳಿ ಮುಗದ ಮ್ಯಾಲ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣಿಗೆ ಬಂದ್ರು. ಜೋಡಿ ಚೇರ್ಮನ್ನರೂ ಇದ್ರು. ನಾ ಚಾಚಾಗ ಅಂದೆ, "ಇವತ್ತೊಂದು ದಿನ ಟಾವೆಲ್ ತಗೀ ಮಾರಾಯ. ನನ್ನ ಮಾನ ಹೋಗತೈತಿ." ಚಾಚಾ ಎದಿ ಮ್ಯಾಲ ಕೈ ಇಟ್ಕೊಂಡು, "ನನ್ನ ಜೀವ ಬೇಡ್ರಿ ಸರ, ಕೊಡ್ತೀನಿ. ಟಾವೆಲ್ ಬೇಡಬ್ಯಾಡ್ರಿ" ಅಂದ. ಸಾಹೇಬರನ್ನ ಖೋಲಿಗೆ ಬಿಡಲಾರದ, ನೆಟ್ಟಗ ಹತ್ತನೇ ಇಯತ್ತೆಗೆ ಕರಕೊಂಡು ಹೋದೆ.

ಸಾಹೇಬರು ಹಲಗಿ ಮ್ಯಾಲ ಒಂದಿಷ್ಟು ಕ್ರಿಯಾಪದ ಬರದು, ವಾಕ್ಯ ಮಾಡ್ರಿ ಅಂದ್ರು. ನನ್ನ ನಸೀಬು ನೋಡ್ರಿ, ಕಡೇಕ ಬರದದ್ದು ‘ಇನ್‌ಸ್ಟಾಲ್’. ಇಡೀ ಕ್ಲಾಸು ಕೈ ಎತ್ತಿತು! ಸಾಹೇಬರು ಖುಷಿ ಆದ್ರು. ಮುಂದಿನ ಸಾಲಿನ ಹುಡುಗಿ, ನಮ್ಮ ಶಾಣ್ಯಾ ಹುಡುಗಿ, ಎದ್ದು ನಿಂತು ಒಂದ ಉಸುರಿನ್ಯಾಗ ಅಂದ್ಲು: "ಅವರ್ ಹೆಡ್‌ಮಾಸ್ಟರ್ ಹ್ಯಾಸ್ ಬೀನ್ ಅಪಾಯಿಂಟೆಡ್, ಬಟ್ ಹಿ ಹ್ಯಾಸ್ ನಾಟ್ ಯೆಟ್ ಬೀನ್ ಇನ್‌ಸ್ಟಾಲ್ಡ್."

ಬೈಯೂಣು ಅಂದ್ರ ವಾಕ್ಯದಾಗ ಒಂದ ಒಂದು ತಪ್ಪಿಲ್ಲ. ಸಾಹೇಬರು ನನ್ನ ಕಡೆ ತಿರುಗಿದ್ರು. ಎಲ್ಲಾ ಕೇಳಿದ ಮ್ಯಾಲ ಅವರಿಗೆ ನಗು ತಡೀಲಿಲ್ಲ. ಹೋಗೂವಾಗ ಮಾತ್ರ ಖಡಕ್ಕಾಗಿ ಹೇಳಿದ್ರು: "ಮುಂದಿನ ಸಲ ನಾ ಬರೂದ್ರಾಗ ನೀವು ಖುರ್ಚಿ ಮ್ಯಾಲ ಇರಬೇಕು. ಇಲ್ಲಂದ್ರ ಖುರ್ಚಿ ಮ್ಯಾಲ ಕುಂಡ್ರೂ ಬ್ಯಾರೆ ಮನಿಷ್ಯಾನ್ನ ಕಳಸಬೇಕಾಗತೈತಿ."

ಅಂದ್ರ ನೌಕರಿಗೇ ಬಂತು! ನಾ ಗಾಬರಿಲೆ ಚೇರ್ಮನ್ನರ ಕಡೆ ನೋಡಿದೆ. ಅವರು ಬ್ಯಾರೆ ಲೋಕದಾಗ ಇದ್ರು. "ಹುಡುಗೀಗೆ ಎಷ್ಟು ಚಲೋ ಕಲಿಸೀರಿ ಮಾಸ್ತರ!" ಅಂದ್ರು.

೬. ಜಲನಗರದಾಗ ಗಂಟಿ

ಮರುದಿನ ಮೊದಲನೇ ಬಸ್ಸಿಗೆ ಜಲನಗರಕ್ಕ ಹೋದೆ. ಹಳೇ ಹೆಡ್ಮಾಸ್ತರು ಯಾಕ ಬರವಲ್ರು ಅಂತ ಒಮ್ಮೆ ಕೇಳೇಬಿಡೂಣು ಅಂತ. ಮೊದಲು ಆಷಾಢ ಅಂದಿದ್ರು, ಆಮ್ಯಾಲ ಮೊಣಕಾಲು ಅಂದ್ರು, ಆಮ್ಯಾಲ ಪಿತೃಪಕ್ಷ ಅಂದ್ರು. ಜಗಳಕ್ಕ ತಯಾರಾಗೇ ಹೋಗಿದ್ದೆ.

ಬಾಗಲಾ ತಗದವರು ಅವರ ಹೆಣ್ತಿ. ನನ್ನ ನೋಡಿದ ಕೂಡ್ಲೇ ಕಣ್ಣಾಗ ನೀರು ತಂದ್ರು. "ಯಪ್ಪಾ, ಇವರನ್ನ ಸಾಲಿಗೆ ಒಯ್ಯಪಾ. ಮನ್ಯಾಗ ತಾಸಿಗೊಮ್ಮೆ ಗಂಟಿ ಬಾರಿಸ್ತಾರ. ನಾ ಮಗ್ಗಲ ಮನಿಗೆ ಹೋಗಬೇಕಂದ್ರ ರಜಾ ಕೇಳಬೇಕು. ನಿನ್ನೆ ಹಾಲಿನಾವ ತಡಾ ಮಾಡಿ ಬಂದಂತ ಅವನ್ನ ಹೊರಗ ನಿಲ್ಲಿಸಿದ್ರು."

ಒಳಗ ಹೋದೆ. ಹಳೇ ಹೆಡ್ಮಾಸ್ತರು ಖೋಲಿಯೊಳಗ ಒಬ್ಬರ ಕುಂತಿದ್ರು. ಸಿಟ್ಟಿನಿಂದ ಬಾಯಿ ತಗೀಬೇಕು ಅನ್ನೂದ್ರಾಗ ಅವರ ಅಂದ್ರು: "ಗೊತ್ತೈತಿ, ಯಾಕ ಬಂದೀರಿ ಅಂತ. ನಿಮ್ಮ ಕೈ ಹಿಡದು ಕುಂಡ್ರಿಸಿದೆ ಅಂದ್ರ, ನಾ ಯಾರೂ ಅಲ್ಲ ಆಗ್ತೀನಲ್ರಿ."

ನನಗ ಕೆಟ್ಟ ಅನಿಸ್ತು, ಸುಳ್ಳ್ಯಾಕ ಹೇಳ್ಲಿ. ಇಪ್ಪತ್ತೆಂಟು ವರ್ಷ ಅವರ ಕೈ ಕೆಳಗ ದುಡದಾವ ನಾ. ಆದ್ರ ಕಿಡಕಿ ಕಟ್ಟಿ ನೆನಪಾದ ಕೂಡ್ಲೇ ಮತ್ತ ಸಿಟ್ಟು ಬಂತು. "ಸರ, ನೀವು ಬರಲಿಲ್ಲಂದ್ರ ನಾನೂ ಯಾರೂ ಅಲ್ಲ. ಇಬ್ಬರೂ ಯಾರೂ ಅಲ್ಲಂದ್ರ ಸಾಲಿ ಯಾರು ನಡಸೂದ್ರಿ?" ಅಂದೆ. ಅವರು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ, "ಗುರುವಾರ ಬರ್ತೀನಿ" ಅಂದ್ರು.

ನಾ ಸಂತೋಷದಿಂದ ಎದ್ದು ಹೊಂಟೆ. ಹಿಂದಿನಿಂದ ಗಂಟಿ ಬಾರಿಸಿದ್ರು. "ಕುಂಡರ್ರಿ, ಸಾಲಿ ಇನ್ನೂ ಬಿಟ್ಟಿಲ್ಲ!"

೭. ಕೈ ಹಿಡದು ಕುಂಡ್ರಿಸಿದ್ದು

ಗುರುವಾರ ಬಂತು. ಸಾಲಿಗೆ ತಳಿರು ತೋರಣ, ಬಾಗಲಕ್ಕ ರಂಗೋಲಿ, ಬಾರಿಸಾಕ ಒಂದು ಜೋಡಿ ಹಲಗಿ, ಊದಾಕ ಒಂದು ಸನಾದಿ. ಚೇರ್ಮನ್ನರು ಹೊಸ ಧೋತರ ಉಟಗೊಂಡು ಮದಿಮಗನ ಅಪ್ಪನಂಗ ತಿರಗಾಡಾಕತ್ತಿದ್ರು. ಚಾಚಾ ಎಲ್ಲಾರ ಮುಂದ ಟಾವೆಲ್ ತಗದು, ಝಾಡಿಸಿ, ಕಣ್ಣಿಗೆ ಒತ್ತಿಕೊಂಡು ಮಡಚಿ ಇಟ್ಟ. ಖುರ್ಚಿಗೆ ಚೆಂಡು ಹೂವಿನ ಮಾಲಿ ಇಳಿಬಿಟ್ಟಿದ್ರು. ಖೋಲಿ ತುಂಬ ಮಂದಿ, ಕಿಡಕ್ಯಾಗೂ ಮಂದಿ. ಹೆಣ್ತಿ ಬಾಗಲದಾಗ ನಿಂತು ಸೆರಗಿಲೆ ಕಣ್ಣು ಒರಿಸಿಕೊಳ್ಳಾಕತ್ತಿದ್ಲು.

ಹಳೇ ಹೆಡ್ಮಾಸ್ತರು ಕರೀ ಟೊಪಗಿ, ಕೋಟು ಹಾಕ್ಕೊಂಡು ಬಂದ್ರು. ನನ್ನ ಕೊಳ್ಳಿಗೆ ತಾವ ಮಾಲಿ ಹಾಕಿದ್ರು. ನನ್ನ ಕೈ ಹಿಡದ್ರು. ಇಬ್ಬರೂ ಟೇಬಲ್ ಸುತ್ತಿ ಖುರ್ಚಿ ಮುಂದ ಬಂದಿವಿ. ಸನಾದಿ ನಿಂತಿತು. ಎಲ್ಲಾರೂ ಉಸುರು ಹಿಡದಿದ್ರು. ಇಷ್ಟು ತಿಂಗಳಿನ ನನ್ನ ಸಂಕಟ, ಅವಮಾನ, ಕಿಡಕಿ ಕಟ್ಟಿಯ ಥಂಡಿ, ಎಲ್ಲಾ ಒಂದು ಗೇಣಿನ್ಯಾಗ ಮುಗಿಯೂದಿತ್ತು.

ಹಳೇ ಹೆಡ್ಮಾಸ್ತರು ಖುರ್ಚಿ ನೋಡಿದ್ರು. ವರ್ಷಾನುಗಟ್ಲೆ ಆ ಖುರ್ಚಿ ಮುಂದ ಬಂದು ಅವರು ಮಾಡಿದ್ದು ಒಂದ ಕೆಲಸ. ಬಲಗೈ ತಾನಾಗಿ ನನ್ನ ಕೈ ಬಿಟ್ಟು ಕೋಟಿನ ಹಿಂದಿನ ಚುಂಗು ಎತ್ತಿತು. ತಾವ ಕುಂತುಬಿಟ್ರು!

ಇದೂ ಪದ್ಧತಿ ಇರಬೇಕಂತ ತಿಳದು ಚೇರ್ಮನ್ನರು ಚಪ್ಪಾಳಿ ಹೊಡದ್ರು. ಹೆಣಮಕ್ಕಳು ಅವರಿಗೇ ಆರತಿ ಬೆಳಗಿದ್ರು. ಸನಾದಿ ಮತ್ತ ಶುರುವಾತು. ಹಳೇ ಹೆಡ್ಮಾಸ್ತರು ಚಷ್ಮಾ ಸರಿ ಮಾಡಿಕೊಂಡು ಟೇಬಲ್ ಮ್ಯಾಲಿನ ಗಂಟಿ ‘ಟಣ್’ ಅಂತ ಬಾರಿಸಿದ್ರು. ಚಾಚಾ "ಜೀ ಸಾಬ್!" ಅಂತ ಓಡಿ ಬಂದು ಕೈ ಕಟ್ಟಿ ನಿಂತ. "ಇಷ್ಟು ಮಂದಿ ಯಾಕ ಸೇರ್‍ಯಾರಿಲ್ಲಿ? ಹೊರಗ ಹಾಕು" ಅಂದ್ರು. ಚಾಚಾ ಚೇರ್ಮನ್ನರಿಂದನ ಸುರು ಮಾಡಿದ.

ಆಮ್ಯಾಲ ಚಷ್ಮಾದ ಮ್ಯಾಲಿಂದ ನನ್ನ ಕಡೆ ನೋಡಿದ್ರು. ಆ ನೋಟ! ಇಪ್ಪತ್ತೆಂಟು ವರ್ಷ ನಾ ಅಂಜಿದ ನೋಟ ಅದು. "ನೀವ್ಯಾಕ್ರಿ ಇಲ್ಲಿ ನಿಂತೀರಿ? ಹತ್ತನೇ ಇಯತ್ತೆ ಗದ್ದಲ ಹಾಕಾಕತ್ತೈತಿ, ಕಿವಿ ಕೇಳಸೂದಿಲ್ಲೇನು? ನಡೀರಿ ಕ್ಲಾಸಿಗೆ!"

ನನಗ ರೋಷ ಉಕ್ಕಿ ಬಂತು. ಆರ್ಡರ್ ನಂದು, ಖುರ್ಚಿ ನಂದು, ಇವತ್ತಿನ ದಿನ ನಂದು! ಟೇಬಲ್ ಗುದ್ದಿ ಹೇಳಬೇಕಂತ ಬಾಯಿ ತಗದೆ. ಬಾಯಿಂದ ಬಂದದ್ದು, "ಹೂಂನ್ರಿ ಸರ."

ಹಲಗಿ ಮ್ಯಾಲ ಬರಿಯೂ ಖಡು ತಗೊಂಡು ಕ್ಲಾಸಿಗೆ ನಡದೆ.

ಕೊಳ್ಳಾಗಿನ ಮಾಲಿ ಸಮೇತ ಹಲಗಿ ಮುಂದ ನಿಂತು ಪಾಠ ಶುರು ಮಾಡಿದ್ದೆ. ಚೇರ್ಮನ್ನರು ಧೋತರ ಎತ್ತಿ ಹಿಡಕೊಂಡು ಓಡಿ ಬಂದ್ರು. "ಮಾಸ್ತರ, ಬರ್ರಿ, ಬರ್ರಿ! ಗಲತ್ ಆಗೇತಿ! ಹೆಡ್ಮಾಸ್ತರು ನೀವ್ರೀ!"

ನಾ ತುಟಿ ಮ್ಯಾಲ ಬಟ್ಟು ಇಟ್ಟು ಅಂದೆ: "ಸಾವಕಾಶ ಮಾತಾಡ್ರಿ ಚೇರ್ಮನ್ನರ. ಈ ತಾಸು ಮುಗಿಸಿ ಬರ್ತೀನಿ. ಅರ್ಧಕ್ಕ ಬಿಟ್ಟು ಬಂದ್ರ ಹೆಡ್ಮಾಸ್ತರು ಬೈತಾರ!"